ಮೂರು ಸಲ ತೊಳೆದ ಬಾಟಲಿ

ಹೆಣ್ಣುಮಕ್ಕಳ ಹಾಸ್ಟೆಲ್, ನೇರಳೆಬಾಣೆ
ಜುಲೈ ೩, ೨೦೨೫

ಪ್ರೀತಿಯ ಯಮುನತ್ತೆಗೆ,

ನಿಮಗೆ ಐದು ದಿನದಿಂದ ಫೋನ್ ಮಾಡುತ್ತಿದ್ದೇನೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಂಗಸು ಮೂರು ಭಾಷೆಯಲ್ಲಿ ಹೇಳಿ ಇಡುತ್ತಾಳೆ. ‘ಕರಿಕೆಯಲ್ಲಿ ಮಳೆ ನಿಂತ ಮೇಲೇ ಟವರ್ ಏಳೋದು, ಕಾಗದ ಬರೆ. ಅತ್ತೆ ಜಗಳ ಆಡ್ಲಿಕ್ಕಾದ್ರೂ ಉತ್ತರ ಬರೀತಾರೆ’ ಎಂದರು ಅಪ್ಪ.

ನನ್ನ ರೂಂಮೇಟ್ ಮುತ್ತಿಗೆ ಟೈಫಾಯಿಡ್. ತಿತಿಮತಿಯ ಹತ್ತಿರದ ಬುಡಕಟ್ಟು ಹಾಡಿಯವಳು, ಅವರ ಮನೆಯಲ್ಲಿ ಡಿಗ್ರಿಗೆ ಬಂದ ಮೊದಲನೆಯವಳು. ಕಳೆದ ಶನಿವಾರ ಜ್ವರ ಏರಿ ಕಣ್ಣು ಬಿಡಲಾಗದಂತಾದಾಗ ಅವಳ ಅಪ್ಪ ನಿಂಗಣ್ಣ ಜೀಪ್ ತಂದು ಕರೆದುಕೊಂಡು ಹೋದರು. ಹಾಸ್ಟೆಲಿನಲ್ಲಿ ಇನ್ನೂ ನಾಲ್ವರಿಗೆ ಹೊಟ್ಟೆ ಸರಿಯಿಲ್ಲ. ಆದರೆ ವಾರ್ಡನ್ ನಿಶ್ಮಿತಾ ಮೇಡಂ ಹೇಳುವುದು, ಮುತ್ತಿ ಜೂನ್ ಮಧ್ಯದಲ್ಲಿ ರೇಷನ್ ಕಾರ್ಡಿಗೆ ಹೆಬ್ಬೆರಳು ಒತ್ತಲಿಕ್ಕೆ ಎರಡು ದಿನ ಊರಿಗೆ ಹೋಗಿದ್ದಳಲ್ಲ, ಆಗಲೇ ಕಾಯಿಲೆ ತಂದಳು ಎಂದು. ‘ಅವರು ಕಾಡಿನಲ್ಲಿ ಹರಿಯೋ ತೋಡಿನ ನೀರು ಕುಡೀತಾರೆ, ಇಲ್ಲಿ ಬಂದು ಹಂಚ್ತಾರೆ’ ಎಂದು ಎಲ್ಲರೆದುರೇ ಹೇಳಿದರು. ಅವಳ ಹಾಸ್ಟೆಲ್ ಸೀಟನ್ನು ತಡೆಹಿಡಿದಿದ್ದಾರೆ. ಅವಳ ಹಾಡಿಯಿಂದ ಬಸ್ಸಿಗೆ ಬರಬೇಕಾದರೆ ಆನೆ ಓಡಾಡುವ ದಾರಿಯಲ್ಲಿ ನಾಲ್ಕು ಮೈಲಿ ನಡೆಯಬೇಕು. ಹಾಸ್ಟೆಲ್ ಇಲ್ಲದಿದ್ದರೆ ಅವಳಿಗೆ ಕಾಲೇಜೂ ಇಲ್ಲ, ಸೆಪ್ಟೆಂಬರಿನ ಪರೀಕ್ಷೆಯೂ ಇಲ್ಲ.

ನೀವು ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟವರು. ಇಲ್ಲಿಯ ನೀರು ಹೇಗೆ, ಹೇಳಿ.

ನಿಮ್ಮ
ಲಿಖಿತಾ


ಕರಿಕೆ
ಜುಲೈ ೯, ೨೦೨೫

ಪ್ರಿಯ ಲಿಖಿತಾ,

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಷರ್ಟಿನೊಳಗೆ ಇಟ್ಟುಕೊಂಡು ತಂದುಕೊಟ್ಟ. ಈ ಜಿಲ್ಲೆಯಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಇಲಾಖೆ ಅದೊಂದೇ.

ಕಾಯಿಲೆ ಬಂದವಳನ್ನೇ ಕಾಯಿಲೆಗೆ ಕಾರಣ ಮಾಡುವುದು ನಾನು ಬಲ್ಲ ಬಹಳ ಹಳೆಯ ಉಪಾಯ. ಐವರ ಹೊಟ್ಟೆ ಕೆಟ್ಟಿದೆ, ಅದರಲ್ಲಿ ಹಾಡಿಗೆ ಹೋದವಳು ಒಬ್ಬಳು. ಉಳಿದ ನಾಲ್ವರು ಎಲ್ಲಿಯ ನೀರು ಕುಡಿದರು? ನಿಮ್ಮ ವಾರ್ಡನ್‌ಗೆ ಈ ಲೆಕ್ಕ ಹಾಕಿ ತೋರಿಸು.

ನೀರಿನ ವಿಷಯ. ಹಾಸ್ಟೆಲಿನ ಬಾವಿ ತೋಡಿದ್ದು ೧೯೯೬ರ ಬೇಸಿಗೆಯಲ್ಲಿ, ನಾನು ನೋಡುತ್ತ ನಿಂತಿದ್ದೆ. ೨೦೧೨ರಲ್ಲಿ ಅದರ ಮೇಲುಭಾಗಕ್ಕೆ, ಮೂವತ್ತು ಹೆಜ್ಜೆ ದೂರದಲ್ಲಿ ಹೊಸ ಕಕ್ಕಸುಗಳ ಗುಂಡಿ ತೆಗೆದರು. ಮೀಟಿಂಗಿನಲ್ಲಿ ನಾನೊಬ್ಬಳೇ ಬೇಡವೆಂದದ್ದು. ನೀರು ಮೇಲಿನಿಂದ ಕೆಳಗೆ ಹರಿಯುತ್ತದೆ ಎಂದು ಎಂಟು ಜನ ಪದವೀಧರರಿಗೆ ತಿಳಿಸಿ ಹೇಳಬೇಕಾಯಿತು, ಆದರೂ ತಿಳಿಯಲಿಲ್ಲ. ಆ ನೀರಿನ ಮೇಲೆ ನಾನು ಮೊದಲಿನಿಂದಲೂ ಕಣ್ಣಿಟ್ಟಿದ್ದೆ. ೨೦೦೧ರಿಂದ ನಿವೃತ್ತಿಯಾಗುವವರೆಗೆ ಹದಿನೆಂಟು ವರ್ಷ ತಪ್ಪದೆ ಮಡಿಕೇರಿಯ ಲ್ಯಾಬಿಗೆ ನೀರು ಕಳಿಸಿದ್ದು ನಾನು. ಪ್ರತಿ ವರ್ಷವೂ ‘ಕುಡಿಯಲು ಯೋಗ್ಯ’ ಎಂದೇ ಬಂದಿತ್ತು, ಎಲ್ಲದರ ಪ್ರತಿಯೂ ನನ್ನ ಹತ್ತಿರ ಇದೆ. ಆದ್ದರಿಂದ ಕೆಟ್ಟಿದ್ದರೆ ನಾನು ಬಿಟ್ಟ ಮೇಲೆ ಕೆಟ್ಟಿರಬೇಕು. ನೋಡುವವರಿಲ್ಲ.

ಮೂರು ಕೆಲಸ ಮಾಡು. ಒಂದು, ಈ ವರ್ಷದ ವರದಿ ತೋರಿಸಿ ಎಂದು ಪ್ರಿನ್ಸಿಪಾಲರಿಗೆ ಲಿಖಿತವಾಗಿ ಕೇಳು. ಎರಡು, ಪಂಚಾಯತಿಯಲ್ಲಿ ನೀರು ಪರೀಕ್ಷೆಯ ಸಣ್ಣ ಸೀಸೆಗಳು ಸಿಗುತ್ತವೆ. ನೀರು ತುಂಬಿಸಿ ಎರಡು ದಿನ ಇಟ್ಟರೆ, ಮಲ ಸೇರಿದ ನೀರಾದರೆ ಕಪ್ಪಾಗುತ್ತದೆ. ಮೂರು, ಕುದಿಸದ ನೀರು ಬಾಯಿಗೆ ಹಾಕಬೇಡ.

ನನಗೊಂದು ವಿಷಯ ಗೊತ್ತಾಗಬೇಕು. ಮುತ್ತಿ ಊರಿನಿಂದ ಬಂದ ದಿನ ಅವಳಿಗೆ ಜ್ವರವಿತ್ತೋ? ಪಕ್ಕದ ಮಂಚದವಳು ನೀನು. ನಿನ್ನ ಸಾಕ್ಷಿಯೇ ದೊಡ್ಡದು.

ನಿನ್ನ ಅತ್ತೆ
ಯಮುನ


ನೇರಳೆಬಾಣೆ
ಜುಲೈ ೧೮, ೨೦೨೫

ಪ್ರೀತಿಯ ಅತ್ತೆಗೆ,

ಕಪ್ಪಾಯಿತು. ಪಂಚಾಯತಿಯಿಂದ ಮೂರು ಸೀಸೆ ತಂದೆ. ಒಂದಕ್ಕೆ ಊಟದ ಕೋಣೆಯ ನಲ್ಲಿಯ ನೀರು, ಒಂದಕ್ಕೆ ಬಾವಿಯದು, ಒಂದಕ್ಕೆ ಕುದಿಸಿ ಆರಿಸಿದ್ದು. ಮೊದಲ ಎರಡು ಮಾರನೆಯ ದಿನವೇ ಕಾಫಿ ಡಿಕಾಕ್ಷನ್ನಿನ ಹಾಗೆ ಆದವು. ಮೂರನೆಯದು ಹಾಗೇ ಇದೆ.

ಮೂರನ್ನೂ ಪ್ರಿನ್ಸಿಪಾಲ್ ಅಶ್ವಥ್ ಸರ್ ಅವರ ಮೇಜಿನ ಮೇಲಿಟ್ಟೆ. ಅವರು ಕೆಟ್ಟವರಲ್ಲ ಅತ್ತೆ, ಕೂರಿಸಿ ಮಾತಾಡಿದರು. ‘ನೋಡಮ್ಮ, ಇದು ಅಂಗನವಾಡಿಗೆ ಕೊಡುವ ಆಟದ ಸಾಮಾನು. ನಮ್ಮಲ್ಲಿ ಲ್ಯಾಬ್ ರಿಪೋರ್ಟ್ ಇದೆ’ ಎಂದು ಫೈಲು ತೆಗೆದರು. ಜೂನ್ ಇಪ್ಪತ್ತರ ವರದಿ. ಕುಡಿಯಲು ಯೋಗ್ಯ. ಅದರ ಕೆಳಗೆ ವರ್ಷ ವರ್ಷದ ವರದಿಗಳು, ಹಳೆಯದರಲ್ಲೆಲ್ಲ ನಿಮ್ಮ ಸಹಿ. ‘ನಿಮ್ಮ ಅತ್ತೆಯವರೇ ಹಾಕಿಕೊಟ್ಟ ಪದ್ಧತಿ. ಅವರಿಗಿಂತ ಕಟ್ಟುನಿಟ್ಟಿನವರು ಯಾರಿದ್ರು ಹೇಳು?’ ಎಂದು ಕೇಳಿದರು. ನಾನು ಸೀಸೆಗಳನ್ನು ಎತ್ತಿಕೊಂಡು ಬಂದೆ.

ವಾರ್ಡನ್‌ಗೆ ಲೆಕ್ಕ ಹಾಕಿ ತೋರಿಸಿದೆ. ಆ ನಾಲ್ವರು ಗೋಣಿಕೊಪ್ಪಲಿನಲ್ಲಿ ಪಾನಿಪುರಿ ತಿಂದಿರಬೇಕಂತೆ.

ಮುತ್ತಿ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳಂತೆ. ಇಪ್ಪತ್ತೊಂಬತ್ತಕ್ಕೆ ಇಲ್ಲಿ ಮತ್ತೆ ಸ್ಯಾಂಪಲ್ ತೆಗೆಯುತ್ತಾರೆ.

ಲಿಖಿತಾ


ಕರಿಕೆ
ಜುಲೈ ೨೪, ೨೦೨೫

ಲಿಖಿತಾ,

ಸೀಸೆ ಸುಳ್ಳು ಹೇಳುವುದಿಲ್ಲ, ಲ್ಯಾಬೂ ಸುಳ್ಳು ಹೇಳುವುದಿಲ್ಲ. ಹಾಗಾದರೆ ನಲ್ಲಿಗೂ ಲ್ಯಾಬಿಗೂ ನಡುವೆ ಇರುವವರು ಸುಳ್ಳು ಹೇಳುತ್ತಿದ್ದಾರೆ. ನನಗೆ ಸಂಶಯವೇ ಇಲ್ಲ. ಪ್ರಿನ್ಸಿಪಾಲರ ಕೋಣೆಯ ಫಿಲ್ಟರಿನ ನೀರನ್ನು ಹಿಡಿದು ಹಾಸ್ಟೆಲಿನದೆಂದು ಚೀಟಿ ಅಂಟಿಸುತ್ತಿದ್ದಾರೆ. ಈಗಲೂ ಸ್ಯಾಂಪಲ್ ತೆಗೆಯುವುದು ನಮ್ಮ ಲ್ಯಾಬ್ ಅಟೆಂಡರ್ ಸುನಿಲನೇ ತಾನೆ? ನನ್ನ ಕೈಕೆಳಗೆ ಹದಿನಾಲ್ಕು ವರ್ಷ ಚೆನ್ನಾಗಿದ್ದ. ಅಧಿಕಾರ ಬದಲಾದರೆ ಮನುಷ್ಯ ಬದಲಾಗುವುದಕ್ಕೆ ಹದಿನಾಲ್ಕು ದಿನ ಸಾಕು.

ಇಪ್ಪತ್ತೊಂಬತ್ತರಂದು ಅವನ ಬೆನ್ನು ಬಿಡಬೇಡ. ಪೆಟ್ಟಿಗೆ ತೆರೆಯುವುದರಿಂದ ಬಸ್ಸಿಗೆ ಕೊಡುವವರೆಗೆ ಏನೇನು ಮಾಡಿದ ಎಂದು ಒಂದೂ ಬಿಡದೆ ಬರೆ. ಕಳ್ಳತನ ಎಲ್ಲಿದೆಯೆಂದು ನಾನು ಹೇಳುತ್ತೇನೆ.

ಹೋದ ಕಾಗದದಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನೀನು ಅದನ್ನು ದಾಟಿ ಹೋಗಿದ್ದೀಯ. ನಾನು ಮರೆಯುವವಳಲ್ಲ.

ಯಮುನ


ನೇರಳೆಬಾಣೆ
ಜುಲೈ ೩೦, ೨೦೨೫

ಪ್ರೀತಿಯ ಅತ್ತೆಗೆ,

ಸುನಿಲಣ್ಣ ಕಳ್ಳ ಅಲ್ಲ. ನೀವು ಹಾಗೆ ಬರೆದದ್ದು ನನಗೆ ಸರಿ ಕಾಣಲಿಲ್ಲ, ಅವರ ಜೊತೆ ಇದ್ದ ಮೇಲಂತೂ ಇಲ್ಲವೇ ಇಲ್ಲ.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಅವರು ಪೆಟ್ಟಿಗೆ ಹಿಡಿದು ಹೊರಟಾಗ ನಾನೂ ಹೊರಟೆ. ‘ಎಂತ ಮಾರಾಯ್ತಿ, ಪೊಲೀಸಿನ ಹಾಗೆ ಹಿಂದೆಯೇ ಬರ್ತಿದ್ದೀಯ?’ ಎಂದರು. ಯಮುನತ್ತೆ ನೋಡಿ ಬರೆಯಲು ಹೇಳಿದ್ದಾರೆ ಎಂದೆ. ಅವರ ಮುಖ ನೀವು ನೋಡಬೇಕಿತ್ತು. ‘ಮೇಡಂ ಹೇಳಿದ್ರಾ? ಹಾಗಾದ್ರೆ ಸರಿಯಾಗಿ ಬರ್ಕೊ. ಅವರು ಇಲ್ಲ ಅಂತ ನಾನು ಒಂದು ದಿನ ಕೂಡ ಉದಾಸೀನ ಮಾಡಿಲ್ಲ ಅಂತ ಮೇಲೆಯೇ ಬರೆ’ ಎಂದರು. ಅದಕ್ಕೇ ಮೇಲೆ ಬರೆದಿದ್ದೇನೆ.

ಫಿಲ್ಟರಿನ ಹತ್ತಿರ ಹೋಗಲೇ ಇಲ್ಲ. ನೇರ ನಮ್ಮ ಊಟದ ಕೋಣೆಯ ನಲ್ಲಿ. ಅಂದೂ ಎಂದಿನಂತೆ ಏಳು ಗಂಟೆಗೆ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರು, ನೀರು ವಾಸನೆ ಬರುತ್ತಿತ್ತು. ನಲ್ಲಿಯ ಬಾಯನ್ನು ಸ್ಪಿರಿಟ್ ಹತ್ತಿಯ ಬೆಂಕಿಯಿಂದ ಸುಟ್ಟರು. ಎರಡು ನಿಮಿಷ ನೀರು ಬಿಟ್ಟರು. ಆಮೇಲೆ ಲ್ಯಾಬಿನವರು ಕಾಗದ ಸುತ್ತಿ ಕಳಿಸಿದ್ದ ಬಾಟಲಿ ಬಿಚ್ಚಿದರು. ಅದರ ತಳದಲ್ಲಿ ಉಪ್ಪು ಒಣಗಿದ ಹಾಗೆ ಬಿಳಿ ಕಲೆ. ‘ನೋಡು, ಯಾವಾಗಲೂ ಇದೇ ಕಥೆ. ತೊಳೆಯದೆ ಕೊಡ್ತಾರೆ. ಮೇಡಂ ಇದ್ದಾಗ ಇದಕ್ಕೇ ಲ್ಯಾಬಿನವರಿಗೆ ಉಗಿದು ಎರಡು ಪುಟ ಬರೆದಿದ್ರಂತೆ’ ಎಂದು ನಕ್ಕರು. ಅದೇ ನಲ್ಲಿಯ ನೀರು ಹಾಕಿ, ಕುಲುಕಿ, ಚೆಲ್ಲಿ, ಮೂರು ಸಲ ತೊಳೆದರು. ‘ಎರಡಲ್ಲ, ನಾಲ್ಕಲ್ಲ, ಮೂರು. ಮೇಡಂ ಹೇಳಿಕೊಟ್ಟದ್ದು’ ಎಂದರು. ಕಲೆ ಪೂರ್ತಿ ಹೋಯಿತು. ಆಮೇಲೆ ತುಂಬಿಸಿ, ಮುಚ್ಚಿ, ಚೀಟಿ ಅಂಟಿಸಿ, ಐಸ್ ಡಬ್ಬಿಯಲ್ಲಿಟ್ಟು ಒಂಬತ್ತರ ಬಸ್ಸು ಹಿಡಿದರು, ನಾನೂ ಹತ್ತಿದೆ. ಮಡಿಕೇರಿ ತಲುಪುವಾಗ ಹನ್ನೊಂದೂವರೆ, ಲ್ಯಾಬಿನಲ್ಲಿ ತೆಗೆದುಕೊಳ್ಳುವಾಗ ಹನ್ನೆರಡು.

ಒಂದೂ ಬಿಟ್ಟಿಲ್ಲ ಅತ್ತೆ. ಕಳ್ಳತನ ಎಲ್ಲಿದೆ ಹೇಳಿ.

ಲಿಖಿತಾ


ನೇರಳೆಬಾಣೆ
ಆಗಸ್ಟ್ ೧೪, ೨೦೨೫

ಅತ್ತೆ,

ಹದಿನೈದು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಭಾಗಮಂಡಲದ ರಸ್ತೆ ಕುಸಿದಿದೆಯೇನೋ ಎಂದುಕೊಂಡಿದ್ದೆ. ಅಪ್ಪ ನಿಮ್ಮನ್ನು ಪೇಟೆಯಲ್ಲಿ ಕಂಡರಂತೆ, ‘ಚೆನ್ನಾಗೇ ಇದ್ದಾರೆ, ಆದರೆ ಮಾತಿಲ್ಲ’ ಎಂದರು. ನಿಮಗೆ ಮಾತಿಲ್ಲ ಎಂದರೆ ನಾನು ನಂಬಬೇಕೇ?

ವರದಿ ಬಂತು. ಕುಡಿಯಲು ಯೋಗ್ಯ. ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ನಾನು ಹಾದು ಹೋದರೆ ಕೆಲವರು ‘ಸೀಸೆ ಸೈಂಟಿಸ್ಟ್’ ಎಂದು ಕರೆಯುತ್ತಾರೆ. ಮೊನ್ನೆ ಇನ್ನೊಬ್ಬಳಿಗೆ ಟೈಫಾಯಿಡ್, ಕುಶಾಲನಗರದ ಮಾನಸಳಿಗೆ. ಅವಳು ಊರಿಗೆ ಹೋಗಿ ಎರಡು ತಿಂಗಳಾಗಿತ್ತು. ಅವಳು ತಂದಳೆಂದು ಯಾರೂ ಹೇಳಲಿಲ್ಲ. ಅವಳ ಸೀಟು ಹಾಗೇ ಇದೆ.

ಮುತ್ತಿಯದು ಆಗಸ್ಟ್ ಮೂವತ್ತಕ್ಕೆ ಬೇರೆಯವರಿಗೆ ಹೋಗುತ್ತದಂತೆ. ನೀವು ಕೂಡ ಸುಮ್ಮನಾದರೆ ನಾನು ಯಾರನ್ನು ಕೇಳಲಿ?

ಲಿಖಿತಾ


ಕರಿಕೆ
ಆಗಸ್ಟ್ ೧೮, ೨೦೨೫

ಪ್ರಿಯ ಲಿಖಿತಾ,

ಕಳ್ಳತನ ಎಲ್ಲಿದೆಯೆಂದು ನಿನ್ನ ಕಾಗದ ಓದುತ್ತಿದ್ದಂತೆಯೇ ತಿಳಿಯಿತು. ಬರೆಯಲು ಎರಡು ವಾರ ಬೇಕಾಯಿತು. ಇದಕ್ಕೆ ಕ್ಷಮೆ ಕೇಳುವುದಿಲ್ಲ. ಕೇಳಬೇಕಾದ ಕ್ಷಮೆಗಳು ಬೇರೆ ಇವೆ.

ಬಾಟಲಿಯ ತಳದ ಆ ಬಿಳಿ ಕಲೆ ಕೊಳೆಯಲ್ಲ. ಲ್ಯಾಬಿನವರು ಬೇಕೆಂದೇ ಹಾಕುವ ಉಪ್ಪು, ಥಯೋಸಲ್ಫೇಟ್. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಏಳು ಗಂಟೆಗೆ ಪುಡಿ ಹಾಕಿ ಎಂಟಕ್ಕೆ ಕುಡಿಯುವ ಹುಡುಗಿಯ ಹೊಟ್ಟೆಗೆ ಕ್ರಿಮಿ ಜೀವಂತವಾಗಿ ಹೋಗುತ್ತದೆ, ಅಷ್ಟು ಕೊಳಕನ್ನು ಕೊಲ್ಲಲು ಒಂದು ಗಂಟೆ ಸಾಲದು. ಅದೇ ನೀರು ಬಾಟಲಿಯಲ್ಲಿ ಮಡಿಕೇರಿಯ ಬಸ್ಸು ಹತ್ತಿದರೆ, ದಾರಿಯುದ್ದಕ್ಕೂ ಕ್ಲೋರಿನ್ ಕ್ರಿಮಿಗಳನ್ನು ಕೊಲ್ಲುತ್ತಲೇ ಇರುತ್ತದೆ. ಲ್ಯಾಬಿನವರು ಮುಚ್ಚಳ ತೆರೆಯುವಾಗ ನೀರು ಶುದ್ಧ. ಹಾಗಾಗದಿರಲಿ, ನಲ್ಲಿಯಲ್ಲಿ ಹೇಗಿತ್ತೋ ಹಾಗೆಯೇ ಲ್ಯಾಬಿಗೆ ಬರಲಿ ಎಂದು ಆ ಉಪ್ಪು. ಅದು ಕ್ಲೋರಿನ್ನನ್ನು ಅಲ್ಲಿಗೇ ನಿಲ್ಲಿಸುತ್ತದೆ, ನಿನ್ನ ಸೀಸೆಗಳಲ್ಲೂ ಅದೇ ಇರುವುದರಿಂದ ಅವು ನಿಜ ಹೇಳಿದವು. ಬಾಟಲಿಯಿಂದ ಅದನ್ನು ತೊಳೆದು ಕಳಿಸಿದರೆ ಪರೀಕ್ಷೆಯಾಗುವುದು ನೀವು ಕುಡಿದ ನೀರಲ್ಲ. ಬಸ್ಸಿನಲ್ಲಿ ಔಷಧಿ ಮಾಡಿಸಿಕೊಂಡು ಬಂದ ನೀರು.

ಮೂರು ಸಲ ತೊಳೆಯುವುದು ನನ್ನ ನಿಯಮ. ರಸಾಯನಶಾಸ್ತ್ರದಲ್ಲಿ ಅದು ಸರಿ. ಉಪ್ಪು, ಸುಣ್ಣ, ಕಬ್ಬಿಣ ಅಳೆಯಲು ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಲೇಬೇಕು. ಕ್ರಿಮಿಯ ಪರೀಕ್ಷೆಗೆ ತೊಳೆಯಲೇಬಾರದು. ಇಪ್ಪತ್ತಾರು ಬ್ಯಾಚು ಮಕ್ಕಳಿಂದ ಇದೇ ಥಯೋಸಲ್ಫೇಟಿನಲ್ಲಿ ಪ್ರಯೋಗ ಮಾಡಿಸಿದವಳು ನಾನು. ಬಾಟಲಿಯ ತಳದಲ್ಲಿ ಅದನ್ನು ಕಂಡು ಕೊಳೆ ಎಂದೆ.

ಇನ್ನೂ ಇದೆ. ಲ್ಯಾಬಿಗೆ ಉಗಿದು ಬರೆದೆ ಎಂದು ಸುನಿಲ ಹೇಳಿದನಲ್ಲ, ಆ ಕಾಗದದ ಪ್ರತಿ ಸಿಕ್ಕಿತು, ೨೦೦೧ ಜೂನ್. ಒಳ್ಳೆಯ ಕನ್ನಡ. ಅದರ ಹಿಂದೆಯೇ ಅವರ ಉತ್ತರ ಪಿನ್ ಮಾಡಿದ್ದೆ, ಲಕೋಟೆ ಒಡೆದಿರಲಿಲ್ಲ. ಸಮಜಾಯಿಷಿ ಬರೆದಿರುತ್ತಾರೆ, ಓದುವುದೇನು ಎಂದು ಫೈಲಿಗೆ ಸೇರಿಸಿದ್ದೆ. ಮೊನ್ನೆ ಒಡೆದೆ. ಇಂಗ್ಲಿಷಿನ ಒಂದೇ ಹಾಳೆ. ‘ಬಾಟಲಿಯನ್ನು ದಯವಿಟ್ಟು ತೊಳೆಯಬೇಡಿ’ ಎಂದು ಮೊದಲ ಸಾಲಿನಲ್ಲೇ ಇದೆ.

೨೦೧೨ರ ಮೀಟಿಂಗಿನ ಕಥೆಯನ್ನು ನಿನಗೆ ಅರ್ಧ ಹೇಳಿದ್ದೆ. ಗುಂಡಿ ಬೇಡವೆಂದಾಗ ಅವರು ಮೇಜಿನ ಮೇಲಿಟ್ಟದ್ದು ನನ್ನ ವರದಿಗಳನ್ನೇ. ‘ನೀರು ಚೆನ್ನಾಗಿದೆ ಅಂತ ನೀವೇ ಸಹಿ ಮಾಡಿದ್ದೀರಲ್ಲ ಮೇಡಂ? ಕೆಟ್ಟರೆ ಮುಂದಿನ ವರ್ಷದ ವರದೀಲಿ ಗೊತ್ತಾಗುತ್ತೆ’ ಎಂದರು. ನಾನು ಒಪ್ಪಿ ಕೂತೆ. ಮುಂದಿನ ವರ್ಷವೂ ಯೋಗ್ಯ ಎಂದೇ ಬಂತು. ೨೦೧೪ರಲ್ಲಿ ಇಬ್ಬರಿಗೆ ಟೈಫಾಯಿಡ್. ೨೦೧೬ರಲ್ಲಿ ಪ್ರಿಯಾ ಎಂಬ ಹುಡುಗಿಗೆ. ಪೇಟೆಯಲ್ಲಿ ಕಂಡದ್ದೆಲ್ಲ ತಿನ್ನಬೇಡ ಎಂದು ಅವಳ ಹಾಸಿಗೆಯ ಪಕ್ಕ ನಿಂತು ಗದರಿದ್ದೆ. ಅವಳು ಓದು ಬಿಟ್ಟಳು. ಎಲ್ಲ ನೆನಪಿದೆ ಎಂದು ಹೆಮ್ಮೆ ಪಡುತ್ತಿದ್ದೆನಲ್ಲ, ಅವಳು ಉಟ್ಟಿದ್ದ ಲಂಗದ ಬಣ್ಣ ಕೂಡ ನೆನಪಿದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಎರಡು ವಾರ ನಾನು ಯೋಚಿಸಿದ್ದು ಅದನ್ನೇ. ಬರೆದಿಟ್ಟುಕೊ.

ಪ್ರಿನ್ಸಿಪಾಲರಿಗೆ ಬರೆದ ಪತ್ರದ ಪ್ರತಿ ಇದರೊಂದಿಗಿದೆ, ಲ್ಯಾಬಿನ ಹಾಳೆಯೂ ಇದೆ. ನನ್ನ ಸಹಿಯ ಹದಿನೆಂಟು ವರದಿಗಳನ್ನು, ಆಮೇಲೆ ಅದೇ ಪದ್ಧತಿಯಲ್ಲಿ ಬಂದವನ್ನೂ ನಂಬಬೇಡಿ, ತೊಳೆಯದ ಬಾಟಲಿಯಲ್ಲಿ ಮತ್ತೆ ನೀರು ಕಳಿಸಿ ಎಂದಿದ್ದೇನೆ. ನೋಟಿಸ್ ಬೋರ್ಡಿನ ಆ ವರದಿಯ ಪಕ್ಕದಲ್ಲೇ ನನ್ನ ಪತ್ರ ಹಾಕಿಸು. ಸುನಿಲನಿಗೆ ಮೊದಲು ಓದಿ ಹೇಳು. ತಪ್ಪು ಅವನದಲ್ಲ, ಅವನು ನನ್ನನ್ನು ನಂಬಿದ್ದ. ಅವನನ್ನು ಕಳ್ಳ ಎಂದದ್ದನ್ನೂ ಹೇಳು.

ಯಮುನ


ನೇರಳೆಬಾಣೆ
ಆಗಸ್ಟ್ ೨೩, ೨೦೨೫

ಪ್ರೀತಿಯ ಅತ್ತೆಗೆ,

ಎರಡು ಸಲ ದಾಟಿ ಹೋದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ.

ಮುತ್ತಿ ಊರಿನಿಂದ ಬಂದಾಗ ಅವಳಿಗೆ ಜ್ವರ ಇರಲಿಲ್ಲ. ಕಾಡುಮಾವಿನ ಹಣ್ಣು ತಂದಿದ್ದಳು, ರಾತ್ರಿ ಇಬ್ಬರೂ ಉಪ್ಪುಖಾರ ಹಾಕಿ ತಿಂದೆವು. ಜ್ವರ ಶುರುವಾದದ್ದು ಜೂನ್ ಇಪ್ಪತ್ತನಾಲ್ಕಕ್ಕೆ, ಏರಿದ್ದು ಇಪ್ಪತ್ತೆಂಟಕ್ಕೆ. ಆದರೆ ಅವಳನ್ನು ಜೀಪಿನಲ್ಲಿ ಕರೆದುಕೊಂಡು ಹೋದ ಮರುದಿನ ವಾರ್ಡನ್ ಒಂದು ಹಾಳೆ ತಂದರು. ‘ಜೂನ್ ಹದಿನೈದರಂದು ಊರಿನಿಂದ ಬಂದಾಗಲೇ ಮುತ್ತಿಗೆ ಜ್ವರವಿತ್ತು.’ ಅವರೇ ಬರೆದಿದ್ದರು. ‘ಬರೀ ಫಾರ್ಮಾಲಿಟಿ, ಇಲ್ಲಾಂದ್ರೆ ಹೆಲ್ತ್‌ನವರು ಬಂದು ಹಾಸ್ಟೆಲನ್ನೇ ಮುಚ್ತಾರೆ, ನೀವೆಲ್ಲ ಎಲ್ಲಿಗೆ ಹೋಗ್ತೀರಿ?’ ಎಂದರು. ನಾನು ಸಹಿ ಮಾಡಿದೆ. ನಿಮಗೆ ಮೊದಲ ಕಾಗದ ಬರೆದದ್ದು ಅದಾದ ನಾಲ್ಕನೆಯ ದಿನ.

ನಿಮ್ಮ ಪತ್ರವನ್ನು ಸುನಿಲಣ್ಣನಿಗೆ ಓದಿ ಹೇಳಿದೆ, ಕಳ್ಳ ಎಂದದ್ದನ್ನೂ ಬಿಡಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು. ‘ಲ್ಯಾಬಿನ ಇಂಥದೇ ಇಂಗ್ಲಿಷ್ ಚೀಟಿ ಪೆಟ್ಟಿಗೇಲಿ ಪ್ರತಿ ಸಲ ಇರ್ತಿತ್ತು. ನಾನು ಅದರಲ್ಲೇ ಕೈ ಒರೆಸ್ಕೊಳ್ತಿದ್ದೆ’ ಎಂದರು. ಆಮೇಲೆ ಅವರೇ ಎದ್ದು ನನ್ನ ಜೊತೆ ಪ್ರಿನ್ಸಿಪಾಲರ ಕೋಣೆಗೆ ಬಂದರು.

ಅಶ್ವಥ್ ಸರ್ ಕೈಗೆ ನಿಮ್ಮ ಪತ್ರ ಅಷ್ಟರಲ್ಲೇ ಸೇರಿತ್ತು. ‘ಮೇಡಂ ಯಾಕೆ ಇದನ್ನೆಲ್ಲ ಈಗ ಕೆದಕ್ತಾರೆ? ರಿಟೈರ್ ಆಗಿ ನೆಮ್ಮದಿಯಾಗಿರೋದು ಬಿಟ್ಟು?’ ಎಂದರು. ನಾನು ಇನ್ನೊಂದು ಹಾಳೆ ಮುಂದಿಟ್ಟೆ. ಜೂನಿನ ನನ್ನ ಹೇಳಿಕೆ ಸುಳ್ಳು, ಅದನ್ನು ಹಿಂದೆ ಪಡೆಯುತ್ತಿದ್ದೇನೆ ಎಂದು ಬರೆದದ್ದು. ನಿಶ್ಮಿತಾ ಮೇಡಂ ಅಲ್ಲೇ ಇದ್ದರು. ‘ಇವಳನ್ನೂ ಹಾಸ್ಟೆಲಿಂದ ಕಳಿಸಬೇಕಾಗುತ್ತೆ ಸರ್’ ಎಂದರು. ‘ಕಳಿಸಿ ಮೇಡಂ, ಎರಡು ಮಂಚ ಖಾಲಿ ಆಗುತ್ತೆ’ ಎಂದೆ.

ಸರ್ ಎರಡೂ ಹಾಳೆಗಳನ್ನು ಎರಡು ಸಲ ಓದಿದರು. ‘ಸುನಿಲ್, ತೊಳೆಯದೆ ಒಂದು ಸಲ ಕಳಿಸಿ ನೋಡಿ’ ಎಂದರು. ನಾಳಿದ್ದು.

ಲಿಖಿತಾ


ಕರಿಕೆ
ಆಗಸ್ಟ್ ೨೮, ೨೦೨೫

ಪ್ರಿಯ ಲಿಖಿತಾ,

ನಿನ್ನನ್ನು ಗದರಬೇಕೆಂದು ಪೆನ್ನು ತೆಗೆದುಕೊಂಡೆ. ಗದರುವ ಯೋಗ್ಯತೆ ನನಗೆ ಸದ್ಯಕ್ಕಿಲ್ಲ. ಒಂದೇ ಮಾತು ಹೇಳುತ್ತೇನೆ. ನೀನು ಹೇಳಿಕೆ ಹಿಂದೆ ಪಡೆದದ್ದು ಪ್ರಿನ್ಸಿಪಾಲರ ಹತ್ತಿರ. ಸುಳ್ಳು ಹೇಳಿದ್ದು ಮುತ್ತಿಯ ಬಗ್ಗೆ. ಅವಳಿಗೆ ಹೇಳಿದೆಯೋ?

ಲ್ಯಾಬಿನ ಆ ಹಾಳೆಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಕಳಿಸಿದ್ದೇನೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಲು ಸುನಿಲನಿಗೆ ಕೊಡು. ಸೆಪ್ಟೆಂಬರ್ ಹತ್ತಕ್ಕೆ ನಾನು ಬರುತ್ತೇನೆ, ರಸ್ತೆ ಇದ್ದರೆ ಬಸ್ಸಿನಲ್ಲಿ, ಇಲ್ಲದಿದ್ದರೆ ಸುತ್ತಿಕೊಂಡು. ಗುಂಡಿಯ ವಿಷಯ ೨೦೧೨ರಲ್ಲಿ ಎಲ್ಲಿಗೆ ಬಿಟ್ಟಿದ್ದೆನೋ ಅಲ್ಲಿಂದ ಮತ್ತೆ ಶುರು ಮಾಡಬೇಕು. ಪ್ರಿಯಾಳ ವಿಳಾಸ ಹುಡುಕಿಸುತ್ತಿದ್ದೇನೆ.

ಯಮುನ


ನೇರಳೆಬಾಣೆ
ಸೆಪ್ಟೆಂಬರ್ ೫, ೨೦೨೫

ಪ್ರೀತಿಯ ಅತ್ತೆಗೆ,

ವರದಿ ಬಂತು. ‘ಕುಡಿಯಲು ಯೋಗ್ಯವಲ್ಲ.’ ಬಾವಿಯ ಜಾಲರಿಗೆ ಬೀಗ ಬಿದ್ದಿದೆ, ಪಂಚಾಯತಿಯ ಟ್ಯಾಂಕರ್ ಬರುತ್ತಿದೆ, ಅಡುಗೆಮನೆಯಲ್ಲಿ ಬೆಳಗಿನಿಂದ ಹಂಡೆ ಕುದಿಯುತ್ತದೆ. ಗುಂಡಿಯ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಅದು ನಿಮಗೆಂದು ಉಳಿದಿದೆ. ವಾರ್ಡನ್ ನನ್ನೊಂದಿಗೆ ಮಾತಾಡುವುದಿಲ್ಲ. ಮುತ್ತಿಯ ಸೀಟು ಮುತ್ತಿಗೇ ಎಂದು ಸರ್ ಬರೆದುಕೊಟ್ಟರು, ಹಾಜರಿಗೆ ಆಸ್ಪತ್ರೆಯ ಚೀಟಿ ಸಾಕೆಂದರು. ಇಪ್ಪತ್ತೆರಡಕ್ಕೆ ಪರೀಕ್ಷೆ.

ಅವಳು ನಿನ್ನೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ನಿಂಗಣ್ಣ ಪೆಟ್ಟಿಗೆ ಇಳಿಸಿ, ಬೀಗ ಹಾಕಿದ ಬಾವಿಯನ್ನು ಸ್ವಲ್ಪ ಹೊತ್ತು ನೋಡಿ, ‘ನಮ್ಮ ತೋಡಿಗೆ ಬೀಗ ಇಲ್ಲ’ ಎಂದಷ್ಟೇ ಹೇಳಿ ಹೋದರು.

ನೀವು ಕೇಳಿದ್ದನ್ನು ಮಾಡಿದೆ. ಅವಳು ಮಂಚದ ಮೇಲೆ ಕೂತಾಗ, ಸಹಿ ಮಾಡಿದ್ದು ನಾನು ಎಂದೆ. ‘ಗೊತ್ತು. ಸೀಟು ತಡೆದಿದ್ದೇವೆ ಅಂತ ಮನೆಗೆ ಕಳಿಸಿದ ನೋಟಿಸಿನ ಜೊತೆ ಅದೂ ಇತ್ತು’ ಎಂದಳು. ಎರಡು ತಿಂಗಳಿಂದ ಅವಳಿಗೆ ಗೊತ್ತಿತ್ತು ಅತ್ತೆ. ನಾನು ಹಿಂದೆ ಪಡೆದದ್ದನ್ನು ಹೇಳಿದೆ. ‘ಎಲ್ಲಿ, ತೋರಿಸು’ ಎಂದಳು.

ನನ್ನ ಹತ್ತಿರವಿದ್ದ ಪ್ರತಿ ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಹಿಡಿದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಓದುವ ಹಾಗೆ ಓದಿದಳು. ಆಮೇಲೆ ಹಾಳೆಯನ್ನು ನನ್ನ ಮುಂದೆ ಹಿಡಿದು ಒಂದು ಕಡೆ ಬೆರಳಿಟ್ಟಳು.

‘ಇಲ್ಲೂ ತಪ್ಪುಂಟು. ಹದಿನೈದಲ್ಲ, ನಾನು ಬಂದದ್ದು ಹದಿನಾರಕ್ಕೆ. ಹದಿನೈದಕ್ಕೆ ದಾರಿಗೆ ಮರ ಬಿದ್ದು ಬಸ್ಸೇ ಇರಲಿಲ್ಲ. ಅವರು ಬರೆದ ತಾರೀಕನ್ನೇ ನೀನೂ ಬರೆದಿದ್ದೀ.’

ಪೆನ್ನು ಕೊಟ್ಟಳು. ತಿದ್ದಿದೆ. ಪಕ್ಕದಲ್ಲಿ ಸಹಿ ಹಾಕು ಎಂದಳು, ಹಾಕಿದೆ. ‘ಆಫೀಸಿನದ್ದನ್ನೂ ನಾಳೆ ತಿದ್ದು, ನಾನೂ ಬರ್ತೇನೆ’ ಎಂದಳು. ಮತ್ತೆ ಮೊದಲಿನಿಂದ ಓದಿ, ನಾಲ್ಕು ಮಡಿಕೆ ಮಾಡಿದಳು. ತಿರುಗಿ ಕೊಡುತ್ತಾಳೆಂದು ಕೈ ಚಾಚಿದೆ.

‘ಇದು ನನ್ನ ಹತ್ತಿರ ಇರಲಿ’ ಎಂದು ಪೆಟ್ಟಿಗೆಯ ಅಡಿಯಲ್ಲಿಟ್ಟು, ಮೇಲೆ ಪುಸ್ತಕಗಳನ್ನು ಜೋಡಿಸಿದಳು.

ಲಿಖಿತಾ